ನಾಯಿಯ ಮೂತಿಯ ಮೇಲೊಂದು ಸಾಸಿವೆ

ಬೇರೆಯವರ ವಸ್ತು ನಮ್ಮ ಮನೆಯಲ್ಲಿದ್ದರೆ ನನಗೆ ಊಟ ಸೇರುವುದಿಲ್ಲ. ಸ್ವಂತದ್ದು ಹಾಳಾದರೆ "ಹೋಗಲಿ ಬಿಡು" ಎನ್ನಬಹುದು. ಪರರದ್ದು ಹಾಳಾದರೆ ಆ ಮಾತು ಅವರೇ ಹೇಳಬೇಕು. ಇಂಥ ನನ್ನ ಕೈಗೇ ಕೆಂಡಲ್ ಪಾರ್ಕ್ ಎಂಬ ಈ ಊರಿನ ನಮ್ಮ ಪಕ್ಕದ ಮನೆಯ ಮಾರ್ಗರೆಟ್ ಒಂದು ತೈಲಚಿತ್ರ ಕೊಟ್ಟು ಮಗಳ ಊರಿಗೆ ಹೊರಟರು. ಅವರ ಮನೆಯ ಛಾವಣಿ ರಿಪೇರಿ ಶುರುವಾಗಿತ್ತು. "ನನಗೆ ಮುಖ್ಯವಾದದ್ದು ಇದೊಂದೇ. ನೀನು ಜಾಗ್ರತೆಯ ಮನುಷ್ಯ," ಎಂದರು. ಅದು ಜಾಗ್ರತೆಯಲ್ಲ, ಹೆದರಿಕೆ ಎಂದು ತಿದ್ದುವುದಕ್ಕೂ ನನಗೆ ಹೆದರಿಕೆ.

ಚಿತ್ರ ಬಿಡಿಸಿದವರು ಮಾರ್ಗರೆಟ್ಟರ ಮುತ್ತಜ್ಜನ ತಂದೆ, ಹತ್ತೊಂಬತ್ತನೇ ಶತಮಾನದ ಕಲಾವಿದ. ಚಿತ್ರದಲ್ಲಿರುವುದು ಅವರ ಸಾಕುನಾಯಿ. ಯಜಮಾನನ ಟೋಪಿ ತೊಟ್ಟು, ಬಾಯಲ್ಲಿ ಬ್ರಷ್ ಕಚ್ಚಿ, ಮಹಾ ಗಾಂಭೀರ್ಯದಿಂದ ಕುರ್ಚಿಯಲ್ಲಿ ಕೂತಿದೆ. ಕಣ್ಣೆರಡೂ ಮಾತ್ರ ಒಳಗೆ ತಿರುಗಿ ತನ್ನ ಮೂತಿಯನ್ನೇ ನೋಡುತ್ತಿವೆ. "ಆಡಿಟ್ ದಿನ ನಿಮ್ಮ ಮುಖ ಥೇಟ್ ಹೀಗೇ ಇರತ್ತೆ," ಎಂದು ಹೆಂಡತಿ ಸುಧಾ ನಕ್ಕಳು. ಪಕ್ಕದ ಊರು ಕ್ರ್ಯಾನ್‌ಬರಿಯ ಔಷಧ ಕಂಪನಿಯೊಂದರಲ್ಲಿ ಗುಣಮಟ್ಟದ ವಿಭಾಗದವನು ನಾನು; ಬೇರೆಯವರ ತಪ್ಪು ಹುಡುಕಿ ವರದಿ ಬರೆಯುವುದೇ ಕಸುಬು.

ಬೇಸ್‌ಮೆಂಟಿನಲ್ಲಿ ತೇವ, ಹಾಲ್‌ನಲ್ಲಿ ಬಿಸಿಲು. ಯೋಚಿಸಿ ಯೋಚಿಸಿ ಚಿತ್ರವನ್ನು ಊಟದ ಕೋಣೆಯಲ್ಲಿ, ಒಲೆಗೆ ಹತ್ತಿರವೆಂಬುದನ್ನು ಮಾತ್ರ ಯೋಚಿಸದೆ, ಗೋಡೆಗೆ ಒರಗಿಸಿದೆ. ಶನಿವಾರ ಸುಧಾ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದಳು. ಸಾಸಿವೆ ಚಟಪಟ ಸಿಡಿಯಿತು. ಓಡಿಬಂದು, ಟಾರ್ಚ್ ಹಿಡಿದು ನೋಡುತ್ತೇನೆ, ನಾಯಿಯ ಬಿಳಿ ಮೂತಿಯ ಮೇಲೆ ಒಂದು ಕರಿಚುಕ್ಕೆ! ಉಸಿರು ಬಿಗಿಹಿಡಿದು ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಚುಕ್ಕೆ ಅಲ್ಲೇ ಉಳಿಯಿತು. ಅದರ ಪಕ್ಕದಿಂದ ಬೂದು ಬಣ್ಣದ ಒಂದು ಚೂರು ಎದ್ದು ನನ್ನ ಉಗುರಿಗೆ ಬಂತು.

"ಉಗುರಲ್ಲಿ ಕೆರೆದ್ರಾ?" ಎಂದಳು ಸುಧಾ. ನಮ್ಮ ಮಗಳು ಫೋನಿನಿಂದ ತಲೆಯೆತ್ತದೆ, "ಅಪ್ಪಾ, ಜಸ್ಟ್ ಟೆಲ್ ಹರ್," ಎಂದಳು. ಹೇಳುವುದು ಹೇಗೆ? ಆ ವಾರವೆಲ್ಲ ರೂಟ್ ಒನ್‌ನ ಟ್ರಾಫಿಕ್‌ನಲ್ಲಿ ಕೂತು ವಾಕ್ಯ ಕಟ್ಟಿದೆ. "ಒಂದು ಕಣ ಬೇರ್ಪಟ್ಟಿರುವುದು ಕಂಡುಬಂದಿದೆ." ಆಫೀಸಿನಲ್ಲಿ ಯಾರಾದರೂ ಹೀಗೆ ಬರೆದು ತಂದರೆ, "ಬೇರ್ಪಡಿಸಿದ್ದು ಯಾರು?" ಎಂದು ಕೆಂಪು ಶಾಯಿಯಲ್ಲಿ ಗೀಚುವವನು ನಾನೇ.

ಭಾನುವಾರ ಮಾರ್ಗರೆಟ್ ಊರಿನಿಂದ ಮರಳಿದರು. ಚಿತ್ರ ಹೊತ್ತು ಅವರ ಮನೆಗೆ ಹೋದೆ. ಕಟ್ಟಿದ ವಾಕ್ಯಗಳೆಲ್ಲ ಮರೆತು, "ನಾನೇ ಕೆರೆದೆ, ಸಾಸಿವೆ ಅಂದುಕೊಂಡೆ, ಕ್ಷಮಿಸಿ," ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಕನ್ನಡಕ ಹಾಕಿ ಬಗ್ಗಿ ನೋಡಿದರು.

"ಅದು ಸಾಸಿವೆಯಲ್ಲ, ನೊಣ," ಎಂದರು. "ನಾಯಿ ನೋಡುತ್ತಿರುವುದೇ ಅದನ್ನು. ನೋಡಿದವರು ಮೋಸ ಹೋಗಲಿ ಅಂತಲೇ ಬರೆದದ್ದು. ನನ್ನ ಗಂಡ ಮೊದಲ ಸಲ ನಮ್ಮ ಮನೆಗೆ ಬಂದಾಗ, ಅಪ್ಪನ ಎದುರೇ ಪೇಪರ್ ಸುರುಳಿ ಮಾಡಿ ಅದಕ್ಕೆ ಬಾರಿಸಿದ. ಒಂದು ರೆಕ್ಕೆ ಅವತ್ತೇ ಹೋಯಿತು. ಉಳಿದಿದ್ದನ್ನು ನೀನು ತೆಗೆದೆ." ಅವರ ತುಟಿ ಕಂಪಿಸಿತು. ಅಳುತ್ತಾರೆಂದು ಹೆದರಿದೆ. ಅವರು ನಗತೊಡಗಿದರು, ಕಣ್ಣೀರು ಬರುವಷ್ಟು. "ಅವನು ತೀರಿಹೋದ ಮೇಲೆ ಈ ನೊಣಕ್ಕೆ ಯಾರೂ ಮೋಸ ಹೋಗಿರಲಿಲ್ಲ. ಇರಲಿ ಬಿಡು, ಇನ್ನು ಇದು ಎಲ್ಲಿಗೂ ಹಾರಿಹೋಗುವುದಿಲ್ಲ."

ಮನಸ್ಸು ಹಗುರಾಗಿ ಮನೆಗೆ ಬಂದೆ. ಬಾಗಿಲಲ್ಲೇ ಕಾದಿದ್ದ ಸುಧಾ, "ಏನಂದ್ರು?" ಎಂದಳು. ಸತ್ಯ ಹೇಳುವ ನನ್ನ ಶಕ್ತಿಯೆಲ್ಲ ಪಕ್ಕದ ಮನೆಯಲ್ಲೇ ಖರ್ಚಾಗಿತ್ತು.

"ಏನಿಲ್ಲ," ಎಂದೆ. "ಅದು ಅವರ ಗಂಡ ಮಾಡಿದ್ದಂತೆ."