ಕಾಫಿ ಯಂತ್ರದ ಬಾಯಿ ತೆರೆಸಿದ್ದು

ಹೆದರಿದವರ ಮುಖ ನೋಡಿಕೊಂಡೇ ನನ್ನ ಸಂಸಾರ ನಡೆಯುತ್ತದೆ. ಇಳಕಲ್ಲಿನಲ್ಲಿ ನಾನು ಹಲ್ಲಿನ ಡಾಕ್ಟರು. ಆಳೆತ್ತರದ ಗ್ರಾನೈಟ್ ಬಂಡೆ ಹೊತ್ತ ಲಾರಿಯನ್ನು ಒಂದೇ ಕೈಯಲ್ಲಿ ತಿರುಗಿಸುವ ಗಂಡಸೂ ನನ್ನ ಕುರ್ಚಿಯಲ್ಲಿ ಕೂತ ಮೇಲೆ ಅವ್ವನನ್ನು ನೆನೆಯುತ್ತಾನೆ. ಹೀಗಾಗಿ ನಮ್ಮ ದವಾಖಾನೆಯಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ. ಆದರೆ ಸ್ವತಃ ಡಾಕ್ಟರೇ ಗಡಗಡ ನಡುಗಿದ್ದನ್ನು ಬೇರೆ ಯಾರು ಹೇಳಬೇಕು? ಅದೆಲ್ಲ ನಡೆದದ್ದು ನನ್ನ ಹೆಂಡತಿ ಮನೆಗೆ ಕಾಫಿ ಯಂತ್ರ ತಂದ ಮೇಲೆ.

ಗೋಡೆಯಾಚೆಯ ಸದ್ದು

ನನ್ನ ಹೆಂಡತಿ ಬಾದಾಮಿಯವಳು. ಅಲ್ಲಿ ಗುಹೆಗಳಿಗೆ ಹೋಗುವ ರಸ್ತೆಯಲ್ಲಿ ಅವಳಪ್ಪನದೊಂದು ಅಂಗಡಿ ಖಾಲಿ ಬಿದ್ದಿತ್ತು. ಅದರಲ್ಲಿ ಕಾಫಿ ಅಂಗಡಿ ಇಡಬೇಕೆಂಬುದು ಇವಳ ಬಹಳ ದಿನದ ಆಸೆ. ಮಾವನವರು ಫೋನಿನಲ್ಲಿ ಮಗಳಿಗೆ ಹೇಳಿದರು: "ಚಹಾ ಕುಡಿಯೋ ಊರಾಗ ನಿನ್ನ ಕಹಿ ಕಾಫಿ ಯಾರ ಕುಡೀತಾರ? ಮೊದಲ ನನಗ ಕುಡಿಸು. ಬಾಯಿಗೆ ಹತ್ತಿದ್ರ ಅಂಗಡಿ ನಿಂದು. ಇಲ್ಲಂದ್ರ ಗೊಬ್ಬರದ ಅಂಗಡಿಯಾಂವಗ ಕೊಡ್ತೇನಿ."

ಇವಳು ಯಾರೋ ಬಳಸಿ ಬಿಟ್ಟ ಎಸ್ಪ್ರೆಸ್ಸೋ ಯಂತ್ರ, ಜೊತೆಗೊಂದು ಬೀಜ ಬೀಸುವ ಗ್ರೈಂಡರ್ ತಂದು ಅಡುಗೆಮನೆಯಲ್ಲಿ ಅಭ್ಯಾಸ ಶುರು ಮಾಡಿದಳು. ಮುಂದೆ ದವಾಖಾನೆ, ಹಿಂದೆ ಅಡುಗೆಮನೆ, ನಡುವೆ ತೆಳುವಾದ ಒಂದು ಗೋಡೆ.

ಒಂದು ಮುಂಜಾನೆ ನಾನು ಒಬ್ಬನಿಗೆ ಒಳಗೆ ಇಂಜೆಕ್ಷನ್ ಕೊಟ್ಟು ಮುಗಿಸಿದ್ದೆ. ಹೊರಗೆ ಬೆಂಚಿನ ತುಂಬ ರೋಗಿಗಳು. ಆಗ ಗೋಡೆಯಾಚೆ ಗ್ರೈಂಡರ್ "ಗರ್‍ರ್‍ರ್" ಎಂದಿತು. ಆಮೇಲೆ "ಸ್ಸ್ಸ್" ಎಂದು ಉಗಿ ಬಂತು. ಅಡುಗೆಮನೆಯಲ್ಲಿದ್ದ ನಮ್ಮವ್ವ ಅದಕ್ಕೆ ಬೆಚ್ಚಿ "ಅಯ್ಯೋ, ಸತ್ತೆನೋ ಶಿವನ!" ಎಂದು ಕೂಗಿದಳು. ಯಂತ್ರ ಸಿಡಿಯಿತೆಂದು ತಿಳಿದು ನಾನು ಕುರ್ಚಿಯ ಹಿಂದೆ ಕುಕ್ಕರಿಸಿದೆ. ಪಾಪ, ಅರ್ಧ ಬಾಯಿ ಜೋಮು ಹಿಡಿದ ರೋಗಿಯೇ ನನ್ನ ಕೈ ಹಿಡಿದು ಸಮಾಧಾನ ಮಾಡಿದ.

ಹೊರಗೆ ಬಂದು ನೋಡಿದರೆ ಬೆಂಚು ಖಾಲಿ. ಚಪ್ಪಲಿಗಳು ಮಾತ್ರ ಇದ್ದವು. ಸಂಜೆ ಒಬ್ಬ ಅವನ್ನು ಒಯ್ಯಲು ಬಂದ. ಹೊಸ್ತಿಲು ದಾಟಲಿಲ್ಲ. ದನಿ ತಗ್ಗಿಸಿ ಕೇಳಿದ: "ಸಾಹೇಬ್ರ, ಒಳಗಿದ್ದಾಂವನ ಮನ್ಯಾಗ ಸುದ್ದಿ ಮುಟ್ಟಿಸೀರೇನ್ರಿ?"

ಅವ್ವನ ಹಿಡಿ ಜೋಳ

ಕೆಲವು ವಾರ ಕಳೆದಂತೆ ಕಾಫಿಗೆ ಕಮಟು ವಾಸನೆ ಬರತೊಡಗಿತು. ಬೀಜದ ಎಣ್ಣೆ ಗ್ರೈಂಡರಿನ ಹಲ್ಲುಗಳಿಗೆ ಮೆತ್ತಿಕೊಂಡು ಹಳಸಿರುತ್ತದೆ, ವಾರಕ್ಕೊಮ್ಮೆಯಾದರೂ ಬ್ರಷ್ ಆಡಿಸಬೇಕು ಎಂದು ಹೆಂಡತಿ ಎಲ್ಲೋ ಓದಿ ಬಂದಳು. ಬ್ರಷ್ ಆಡಿಸುವುದು ನಿಮ್ಮ ಕೆಲಸವಲ್ಲವೇ ಎಂದು ನನ್ನ ಕಡೆ ನೋಡಿದಳು. ಕೈ ಹಾಕಿದಾಗ ಅದು ತಾನಾಗಿ ತಿರುಗಿಬಿಟ್ಟರೆ? ಹಲ್ಲು ಕೀಳುವವನಿಗೆ ಬೆರಳಿಲ್ಲದಿದ್ದರೆ ಹೇಗೆ? ನಾಳೆ ನೋಡೋಣ ಎಂದೆ.

ನಮ್ಮವ್ವ ನಾಳೆಯವರೆಗೆ ಕಾಯುವವಳಲ್ಲ. ಗಿರಣಿಯಲ್ಲಿ ಖಾರ ಬೀಸಿದ ಮೇಲೆ ಒಂದು ಹಿಡಿ ಜೋಳ ಹಾಕಿ ತಿರುಗಿಸಿದರೆ ಕಲ್ಲು ಸ್ವಚ್ಛ ಆಗುವುದನ್ನು ಅವಳು ಜನ್ಮವಿಡೀ ಕಂಡವಳು. ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಆರುವ ಮೊದಲೇ, ಗ್ರೈಂಡರಿಗೆ ಎರಡು ಹಿಡಿ ಜೋಳ ಸುರಿದು ಗುಂಡಿ ಒತ್ತಿದಳು. ಹಿಟ್ಟು ಬಂತು. ಹೆಂಡತಿಗೆ ಅದೇನೂ ಗೊತ್ತಿಲ್ಲ, ಮೇಲೆ ಬೀಜ ಹಾಕಿ ಕಾಫಿ ತೆಗೆದಳು. ಯಂತ್ರ ನರಳಿತು, ನಡುಗಿತು. ನಾನು ಅಂಗಳಕ್ಕೆ ಓಡಿದೆ. ಕೊನೆಗೆ ಕಪ್ಪಿಗೆ ಏನೋ ಮಂದಗೆ ಇಳಿಯಿತು.

ಹೆಂಡತಿಯ ಕಣ್ಣಲ್ಲಿ ನೀರು. "ಯಂತ್ರ ಕೆಟ್ಟಿತು, ಅಂಗಡಿ ಹೋತು," ಎಂದಳು. ಅವ್ವ ಮಾತ್ರ ಒಂದು ಗುಟುಕು ಕುಡಿದು, ಚಪ್ಪರಿಸಿ, ಕಪ್ಪು ಮುಂದೆ ಹಿಡಿದಳು: "ಅಳಬ್ಯಾಡ ತಗೀ. ಇವತ್ತ ನೋಡು ಹೊಟ್ಟಿಗೆ ಹತ್ತೂವಂಗ ಆಗೇತಿ. ಸ್ವಲ್ಪ ಮಜ್ಜಿಗಿ ಹಾಕು."

ರೋಗಿ ಹೇಳುವ ಸುಳ್ಳು

ಮಾವನವರು ಭಾನುವಾರ ಬರುವುದು ನಿಶ್ಚಯವಾಯಿತು. ಶನಿವಾರ ದವಾಖಾನೆ ಮುಚ್ಚಿದ ಮೇಲೆ ಹೆಂಡತಿ ಗ್ರೈಂಡರ್ ಬಿಚ್ಚಿ ಬ್ರಷ್ ಹಾಕುತ್ತ ಕೂತಳು. ಎಸ್ಪ್ರೆಸ್ಸೋ ಯಂತ್ರ ನನ್ನ ಪಾಲಿಗೆ ಬಂತು. ಪ್ಲಗ್ ಕಿತ್ತಿದೆಯೇ ಎಂದು ಮತ್ತೆ ಮತ್ತೆ ನೋಡಿದೆ. ಬೆಳಕು ಚೆನ್ನಾಗಿರಲೆಂದು ಅದನ್ನು ಎತ್ತಿ ತಂದು ರೋಗಿಗಳ ಕುರ್ಚಿಯ ಮೇಲೆಯೇ ಮಲಗಿಸಿದೆ. ಭಾರಕ್ಕೆ ಕುರ್ಚಿ ಕಿರ್ ಎಂದಿತು. ದೀಪ ಹಾಕಿ, ಬಾಯಿಗೆ ಹಿಡಿಯುವ ಪುಟ್ಟ ಕನ್ನಡಿಯನ್ನು ಯಂತ್ರದ ಮೂತಿಯೊಳಗೆ ಹಿಡಿದೆ.

ಶಿವಶಿವಾ! ಗುಟ್ಕಾ ತಿನ್ನುವವರ ಬಾಯಿ ನೋಡುತ್ತಲೇ ಕೂದಲು ಹಣ್ಣಾದವನು ನಾನು. ಇಂಥದ್ದನ್ನು ಕಂಡಿರಲಿಲ್ಲ. ಜಾಲರಿಯ ತುಂಬ ಕಪ್ಪು ಗಸಿ. ನೀರು ಬರುವ ದಾರಿಯಲ್ಲಿ ನಮ್ಮ ಬೋರಿನ ಗಡುಸು ನೀರಿನ ಬಿಳಿ ಕಿಟ್ಟ.

"ಎಷ್ಟ ದಿನಕ್ಕೊಮ್ಮೆ ತೊಳೀತಿ?" ಎಂದು ಹೆಂಡತಿಯನ್ನು ಕೇಳಿದೆ.

"ದಿನಾ ತೊಳೀತೇನಲ್ರಿ."

"ಖರೆ ಹೇಳು."

"ದಿನಾ ಅಂದ್ರ... ಮ್ಯಾಲ ಮ್ಯಾಲ ವರಸ್ತೇನ್ರಿ."

ನನ್ನ ರೋಗಿಗಳೆಲ್ಲ ಹೇಳುವುದೂ ಇದನ್ನೇ. ನನಗೂ ಬಾಯಿಪಾಠದ ಉಪದೇಶ ತಾನಾಗಿ ಹೊರಟಿತು: ದಿನಾ ಕಾಫಿ ಆದ ಮೇಲೆ ಜಾಲರಿ, ಉಗಿ ಕೊಳವೆ ತೊಳೆ. ವಾರಕ್ಕೊಮ್ಮೆ ಬಿಚ್ಚಿ ಉಜ್ಜು. ನಮ್ಮ ನೀರಿಗೆ ತಿಂಗಳಿಗೊಮ್ಮೆ ಕಿಟ್ಟ ತೆಗಿ. ಹೇಳುತ್ತ ಹೇಳುತ್ತ ಎಲ್ಲ ಕೆರೆದು ತೊಳೆದು, ಮತ್ತೆ ಜೋಡಿಸಿ, ಯಂತ್ರವನ್ನು ಅದರ ಜಾಗದಲ್ಲಿ ಇಟ್ಟು ಬಂದೆ. ಬಂದು ನೋಡಿದರೆ ಕುರ್ಚಿಯ ಪಕ್ಕ ನೆಲದ ಮೇಲೆ ಒಂದು ಸ್ಕ್ರೂ!

ಯಂತ್ರದ ಒಳಗೆ ಕುದಿಯುವ ನೀರು, ಅದರ ಹಿಂದೆ ಒತ್ತಡ. ಅದನ್ನು ಹಿಡಿದಿಟ್ಟದ್ದೇ ಈ ಸ್ಕ್ರೂ ಆಗಿದ್ದರೆ? ಎಲ್ಲಿಯದೆಂದು ಎಷ್ಟು ಹುಡುಕಿದರೂ ತಿಳಿಯಲಿಲ್ಲ. ಮೆಲ್ಲಗೆ ಜೇಬಿಗೆ ಹಾಕಿಕೊಂಡೆ. ಹೆಂಡತಿ ನಗುತ್ತ ಬಂದು, "ಎಲ್ಲಾ ಬರೋಬ್ಬರಿ ಕೂತಾವೇನ್ರಿ?" ಎಂದಳು. ನಾನು ಅಂದೆ: "ಕೂತಾವ. ನಾಳೆ ನೀ ಮಾತ್ರ ಸ್ವಲ್ಪ ದೂರ ನಿಂತು ಗುಂಡಿ ಒತ್ತು."

ಮಾವನವರ ತೀರ್ಪು

ಮಾವನವರು ಈಗ ಕೆಲವು ವರ್ಷಗಳಿಂದ ನನ್ನೆದುರು ಬಾಯಿ ತೆರೆದು ಮಾತಾಡಿದವರಲ್ಲ. ತುಟಿ ಬಿಗಿಹಿಡಿದು "ಹೂಂ" ಎನ್ನುವರು. ದೊಡ್ಡಸ್ತಿಕೆ ಎಂದುಕೊಂಡಿದ್ದೆ. ಅವತ್ತೂ ಹಾಗೆಯೇ ಬಂದು, ದಾರಿಯಲ್ಲಿ ಅಮೀನಗಡದಲ್ಲಿ ಕೊಂಡ, ಅಂಟು-ಬೆಲ್ಲದ ಗಟ್ಟಿ ಕರದಂಟಿನ ಪೊಟ್ಟಣ ಮಗಳ ಕೈಗಿಟ್ಟು ಅಡುಗೆಮನೆಯಲ್ಲಿ ಕೂತರು.

ಹೆಂಡತಿ ಗುಂಡಿ ಒತ್ತಿದಳು. ನಾನು ಬಾಗಿಲ ಬಳಿ, ಒಂದು ಕಾಲು ಹೊರಗಿಟ್ಟು, ಜೇಬಿನ ಸ್ಕ್ರೂವನ್ನು ಬಿಗಿಯಾಗಿ ಹಿಡಿದು ನಿಂತೆ. ಯಂತ್ರ ಗುರುಗುಟ್ಟಿತು. ಸಿಡಿಯಲಿಲ್ಲ. ಘಮಘಮಿಸುವ ಕಾಫಿ ಬಂತು.

ಮಾವನವರು ಒಂದು ತುಂಡು ಕರದಂಟು ಕಡಿದರು. ಅದರ ಮೇಲೆ ಒಂದು ಗುಟುಕು ಕಾಫಿ ಕುಡಿದರು. ಕಪ್ಪು ಕೆಳಗಿಟ್ಟರು. ಕೈ ಗಲ್ಲಕ್ಕೆ ಹೋಯಿತು. ಕಣ್ಣಲ್ಲಿ ನೀರು ತುಂಬಿತು. ಹೆಂಡತಿಯ ಮುಖ ಸುಣ್ಣದಂತಾಯಿತು. ಅಂಗಡಿ ಹೋಯಿತೆಂದು ಅವಳು ಸೆರಗು ಕಚ್ಚಿದಳು. ಅಷ್ಟರಲ್ಲಿ ಮಾವನವರು ಅಂಗೈಗೆ ಏನನ್ನೋ ಉಗುಳಿದರು. ಸಣ್ಣದು, ಗಟ್ಟಿಯಾದದ್ದು.

ನನ್ನ ಸ್ಕ್ರೂ ಜೇಬಿನಲ್ಲೇ ಇತ್ತು. ಹಾಗಾದರೆ ಇದು ಎರಡನೆಯದು! "ಮಾವಾರ, ಅದು ನಂದಲ್ರಿ!" ಎಂದುಬಿಟ್ಟೆ.

"ನಿಮ್ದ್ಯಾಕ ಆಗ್ತೈತ್ರಿ? ನಂದ ಐತಿ!" ಎಂದು ಅವರು ಅಂಗೈ ಚಾಚಿದರು. ಕರದಂಟಿಗೆ ಅಂಟಿಕೊಂಡ ಒಂದು ದವಡೆ ಹಲ್ಲು.

ಆಗ ಬಾಯಿ ಬಿಟ್ಟರು ನೋಡಿ ಮಾವನವರು. ಆ ಹಲ್ಲು ಅಲ್ಲಾಡತೊಡಗಿ ಎಷ್ಟೋ ಕಾಲವಾಗಿತ್ತಂತೆ. ಅಳಿಯನಿಗೆ ಗೊತ್ತಾದರೆ ಹಿಡಿದು ಕೂರಿಸಿ ಕಿತ್ತೇ ಬಿಡುತ್ತಾನೆಂದು ತುಟಿ ಬಿಚ್ಚಿರಲಿಲ್ಲ. "ಭಾಳ ಅಂಜಿಕಿ ಬರ್ತಿತ್ರಿ ನಿಮ್ಮನ್ನ ಕಂಡ್ರ," ಎಂದರು. ಆಮೇಲೆ ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಇನ್ನೊಂದು ಕಪ್ಪು ಕೇಳಿದರು. ಊದಿ ಆರಿಸಿಕೊಂಡು ನಿಧಾನವಾಗಿ ಪೂರ್ತಿ ಕುಡಿದರು. "ಛಲೋ ಐತಿ ನಮ್ಮವ್ವಾ. ಗೊಬ್ಬರದಾಂವಗ ಇಲ್ಲ ಅಂತ ಹೇಳ್ತೇನಿ," ಎಂದು ಮಗಳಿಗೆ ಹೇಳಿದರು. ಹೆಂಡತಿ ನಕ್ಕಳು, ಅತ್ತಳು, ಎರಡೂ ಒಟ್ಟಿಗೇ ಮಾಡಿದಳು.

ಆ ಹುರುಪಿನಲ್ಲಿ ಮಾವನವರಿಗೆ ಎಲ್ಲಿಲ್ಲದ ಧೈರ್ಯ ಬಂತು. "ಬರ್ರಿ ಅಳಿಯಾರ, ಉಳದಾವನೂ ನೋಡೇ ಬಿಡ್ರಿ. ಇನ್ನ ಎಂಥಾ ಅಂಜಿಕಿ!" ಎನ್ನುತ್ತ ತಾವೇ ದವಾಖಾನೆಗೆ ನಡೆದು, ಪಂಚೆ ಸರಿಪಡಿಸಿಕೊಂಡು, ಜನ್ಮದಲ್ಲಿ ಮೊದಲ ಸಲ ನನ್ನ ಕುರ್ಚಿಯಲ್ಲಿ ಬೆನ್ನು ಆನಿಸಿದರು.

ಧಡ್! ಕುರ್ಚಿಯ ಬೆನ್ನು ಹಿಂದಕ್ಕೆ ಬಿತ್ತು. ಮಾವನವರ ತಲೆ ಕೆಳಗೆ, ಕಾಲು ದೀಪದ ಹತ್ತಿರ. ಆ ಸ್ಕ್ರೂ ಎಲ್ಲಿಯದೆಂದು ನನಗೆ ಆಗ ತಿಳಿಯಿತು. ಜೇಬಿನಿಂದ ಹೊರತೆಗೆದು ಅವರಿಗೆ ತೋರಿಸಿದೆ.

ಮಾವನವರು ಮಲಗಿದಲ್ಲಿಂದಲೇ ಅದನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಕತ್ತು ಹೊರಳಿಸಿ ಮಗಳಿಗೆ ಹೇಳಿದರು:

"ಅಂಗಡಿ ಕೊಟ್ಟೇನವ್ವಾ, ಮಾತು ತಪ್ಪೂದಿಲ್ಲ. ಆದ್ರ ಗಿರಾಕಿ ಕೂಡೂ ಕುರ್ಚಿ ಮಾತ್ರ ನಾನ ತರ್ತೇನಿ."