ಉದ್ಯಮ ಮೇಷ್ಟ್ರ ಮೇಣದಬತ್ತಿ ಮೇಳ

ನನ್ನ ಹೆಂಡತಿ ಡಾರಿಯಾಳ ಪ್ರಕಾರ ಜಗತ್ತಿನಲ್ಲಿ ಕಲಿಸಲಾಗದ ವಿದ್ಯೆ ಎರಡು: ಬೆಕ್ಕಿಗೆ ಈಜು, ಮಕ್ಕಳಿಗೆ ವ್ಯಾಪಾರ. ನಾನಾದರೋ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ನಮ್ಮ ಪುಟ್ಟ ಊರಿನ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ‘ಉದ್ಯಮಶೀಲತೆ’ ಬೋಧಿಸುತ್ತಿರುವ ಘನವಿದ್ವಾಂಸ! (ಸ್ವಂತವಾಗಿ ಮಾರಿದ್ದು ಒಂದೇ ಒಂದು ಹಳೇ ಸೋಫಾ, ಅದನ್ನೂ ಕೊಂಡವರು ವಾಪಸು ತಂದಿಟ್ಟು ಹೋದರು.)

“ಇಷ್ಟು ವರ್ಷ ಬಡ್ಕೊಂಡ್ಯಲ್ಲ ಓರೆಸ್ಟ್, ನಿನ್ನ ಶಿಷ್ಯರಲ್ಲಿ ಒಬ್ಬರಾದ್ರೂ ಒಂದು ಗೂಡಂಗಡಿ ಇಟ್ಟಿದ್ದಾರಾ?”

“ಬೀಜ ಬಿತ್ತಿದ್ದೀನಿ ಕಣೇ!”

“ಹೌದು ಹೌದು, ಹಿಮದ ಮೇಲೆ.”

ಈ ಸಲ ನನ್ನ ಅನ್ನಕ್ಕೇ ಸಂಚಕಾರ ಬಂದಿತ್ತು. ಜನವರಿಯ ಮಾರಾಟ ಮೇಳ ಗೆಲ್ಲದಿದ್ದರೆ ನನ್ನ ತರಗತಿಯನ್ನೇ ಮುಚ್ಚುವುದಾಗಿ ಶಾಲಾ ಮಂಡಳಿಯ ಅಧ್ಯಕ್ಷೆ ಶ್ರೀಮತಿ ಫಂಕ್ ಸಾರಿದ್ದರು. ನನ್ನ ಮಗಳು ಲರಿಸ್ಸಾಳೂ ಸೇರಿ ಮಕ್ಕಳೆಲ್ಲ ಸುವಾಸನೆಯ ಮೇಣದಬತ್ತಿ ಮಾಡಿದರು.

ಮೇಳದ ದಿನ ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗೆ. ಪೋಷಕರು ಇಂಜಿನ್ ಹೆಪ್ಪುಗಟ್ಟದಿರಲೆಂದು ಅದನ್ನು ಬೆಚ್ಚಗಿಡುವ ಹೀಟರಿನ ವೈರನ್ನು ಹೊರಗಿನ ಕಂಬದ ಪ್ಲಗ್ಗಿಗೆ ಸಿಕ್ಕಿಸಿ ಶಾಲೆಯೊಳಗೆ ಬಂದರು. ಮೇಣದಬತ್ತಿ ಮೂಸಿದರು, “ಚೆನ್ನಾಗಿದೆ” ಎಂದರು, ಕೆಳಗಿಟ್ಟರು. ಅಷ್ಟರಲ್ಲಿ ನಾನು ತೂಗುಹಾಕಿದ್ದ ಮುನ್ನೂರು ಬಣ್ಣದ ದೀಪಗಳು ಪಟ್ಟನೆ ಆರಿದವು. ಸ್ವಿಚ್ಚಿನ ಪೆಟ್ಟಿಗೆಗೆ ಓಡಿದೆ. ಲೋಡು ತಗ್ಗಲೆಂದು ‘ಹೊರಗಡೆ’ ಎಂದು ಬರೆದಿದ್ದ ಸ್ವಿಚ್ಚನ್ನು ಆಫ್ ಮಾಡಿದೆ. ದೀಪ ಮತ್ತೆ ಝಗ್ಗೆಂದಿತು!

ಮೂರು ಗಂಟೆ ಕಳೆದು ಮನೆಗೆ ಹೊರಟರೆ ಒಬ್ಬರ ಕಾರೂ ಮಿಸುಕಲಿಲ್ಲ. ಎಲ್ಲರೂ ಗಡಗಡ ನಡುಗುತ್ತ ಒಳಗೆ ವಾಪಸು. ಲರಿಸ್ಸಾ ಆಗಲೇ ಫೋನಿನಲ್ಲಿ ಕಿರುಚುತ್ತಿದ್ದಳು: “ಅಮ್ಮಾ, ಫ್ರೀಜರಿನಲ್ಲಿರೋ ಪೆರೋಗಿ ಅಷ್ಟೂ ಬೇಯಿಸ್ಕೊಂಡು ಬಾ! ಅಜ್ಜಿ ಹಬ್ಬಕ್ಕೆ ಮಾಡಿಟ್ಟಿದ್ದನ್ನೂ ಬಿಡಬೇಡ!”

ಡಾರಿಯಾ ಆಲೂಗಡ್ಡೆ ತುಂಬಿದ ಬಿಸಿಬಿಸಿ ಪೆರೋಗಿ ಕಡುಬು ತಂದಳು. ತಟ್ಟೆಗೊಂದು ಮೇಣದಬತ್ತಿ ಕೊಳ್ಳಲೇಬೇಕೆಂದು ಮಗಳು ಕಟ್ಟಪ್ಪಣೆ ಮಾಡಿದಳು. ಹಸಿದವರು ಜಗಳವಾಡಿ ಖರೀದಿಸಿದರು. ಅರ್ಧ ಗಂಟೆಯಲ್ಲಿ ಮೇಣದಬತ್ತಿಯೆಲ್ಲ ಖಾಲಿ!

ಶ್ರೀಮತಿ ಫಂಕ್ ಬಾಯಿ ಒರೆಸಿಕೊಂಡರು. “ಒಪ್ಪಿದೆ ಮೇಷ್ಟ್ರೇ, ವ್ಯಾಪಾರಾನ ಕಲಿಸಬಹುದು. ಎಲ್ಲಾ ನಿಮ್ಮ ಪಾಠಾನೇ ತಾನೇ?”

ಡಾರಿಯಾ ಕಣ್ಣಲ್ಲೇ ‘ಸುಮ್ಮನಿರು’ ಎಂದಳು. ಹನ್ನೊಂದು ವರ್ಷಕ್ಕೆ ಮೊದಲ ಸಲ ಹೊಗಳಿಸಿಕೊಂಡವನು ಸುಮ್ಮನಿರುತ್ತಾನೆಯೇ?

“ನೋಡಿ ಮೇಡಂ, ಮೊದಲು ಗಿರಾಕಿ ಎದ್ದು ಹೋಗದ ಹಾಗೆ ಮಾಡ್ಬೇಕು. ಹೊರಗಿನ ಕರೆಂಟು ತೆಗೆದವನೇ ನಾನು!”

ಎಲ್ಲರ ಫೋರ್ಕೂ ಅರ್ಧದಲ್ಲೇ ನಿಂತಿತು.

ದೇವರು ದೊಡ್ಡವನು, ಮಂಡಳಿ ತರಗತಿಯನ್ನು ಉಳಿಸಿತು. ಅದನ್ನು ಈಗ ಡಾರಿಯಾ ತೆಗೆದುಕೊಳ್ಳುತ್ತಾಳೆ. ನನಗೂ ಕೆಲಸ ಕೊಟ್ಟಿದ್ದಾರೆ: ಚಳಿಗಾಲ ಮುಗಿಯುವವರೆಗೆ ಹೊರಗೆ ನಿಂತು, ಬಂದ ಕಾರುಗಳಿಗೆಲ್ಲ ವೈರು ಸಿಕ್ಕಿಸುವುದು. ನಿನ್ನೆ ಅವಳು ತರಗತಿಯ ಕಿಟಕಿ ಓರೆ ಮಾಡಿ, ಮೂಗಿನ ತುದಿಯಲ್ಲಿ ಹಿಮಗಟ್ಟಿ ನಿಂತಿದ್ದ ನನ್ನತ್ತ ಬೆರಳು ತೋರಿಸಿ ಪಾಠ ಶುರುಮಾಡಿದಳು:

“ಮಕ್ಕಳೇ, ಸರಕು ಖಾಲಿ ಆದ್ಮೇಲೆ ಬಾಯಿ ಮುಚ್ಕೊಳ್ಳದೇ ಇದ್ರೆ ಏನಾಗುತ್ತೆ? ಎಲ್ಲರೂ ಬಂದು ನೋಡ್ಕೊಳ್ಳಿ.”