ಬಿದ್ದ ಬಂದೂಕಿಗೆ ಎಷ್ಟು ಅಂಕ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನದು. ನನಗೆ ಅಂಕ ಕೊಡುವ ಚಟ. ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟು ಅಂಟಿಸಿಕೊಂಡ ರೋಗ ಇದು. ಔಷಧ ಇದೆಯೋ ಇಲ್ಲವೋ, ವಿಚಾರಿಸಲು ಹೋಗಿಲ್ಲ. ಮದುವೆ ಮನೆಯ ಸಾರಿಗೆ, ರಾಬರ್ಟ್‌ಸನ್‌ಪೇಟೆಯ ಆಟೋ ಚಾಲಕರ ತಿರುವಿಗೆ, ಸಹೋದ್ಯೋಗಿಗಳ ಬೀಳ್ಕೊಡುಗೆ ಭಾಷಣಕ್ಕೆ, ಎಲ್ಲಕ್ಕೂ ಮನಸ್ಸಿನಲ್ಲೇ ಒಂದು ಅಂಕ ಬೀಳುತ್ತದೆ. ಮನಸ್ಸಿನಲ್ಲೇ ಇದ್ದರೆ ತೊಂದರೆಯಿಲ್ಲ. ಒಮ್ಮೊಮ್ಮೆ ಬಾಯಿಗೂ ಬಂದುಬಿಡುತ್ತದೆ. ಒಂದು ಭಾನುವಾರ ನನ್ನ ಹೆಂಡತಿ ಸರೋಜಳ ದೋಸೆಗೆ ಹತ್ತಕ್ಕೆ ಏಳೂವರೆ ಎಂದೆ. ಅವಳು ಸೌಟನ್ನು ನನ್ನ ಕೈಗೆ ಕೊಟ್ಟು, "ಉಳಿದ ಎರಡೂವರೆ ನೀವೇ ಉಯ್ಕೊಂಡು ತಿನ್ರಿ" ಎಂದು ಹೊರಗೆ ಹೋಗಿ ಕೂತಳು. ನಾನು ಹೊಯ್ದ ದೋಸೆ ತವೆ ಬಿಟ್ಟು ಬರಲಿಲ್ಲ. ಅದಕ್ಕೆ ಎಷ್ಟು ಅಂಕ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಚಟ ಇರುವವನನ್ನು ಕರೆದು ನಿಜವಾದ ತೀರ್ಪುಗಾರನ ಕುರ್ಚಿಯಲ್ಲಿ ಕೂರಿಸಿದರೆ ಏನಾಗಬೇಕೋ ಅದೇ ಆಯಿತು. ಕಳೆದ ವರ್ಷ ಉರಿಗಾಂನ ಮೈದಾನದಲ್ಲಿ ಸುತ್ತಮುತ್ತಲಿನ ಕಾಲೇಜುಗಳ ಕೆಡೆಟ್‌ಗಳಿಗೆ ಬಂದೂಕು ಕವಾಯತಿನ ಸ್ಪರ್ಧೆ ಇಟ್ಟಿದ್ದರು. ಬಂದೂಕು ಎಂದರೆ ಗುಂಡು ಹಾರಿಸುವುದಲ್ಲ, ಅದೇ ಅಳತೆಯ, ಅದೇ ತೂಕದ ಮರದ್ದು. ಅದನ್ನು ಹೆಗಲಿಗೇರಿಸಿ, ಇಳಿಸಿ, ಬೆರಳಲ್ಲಿ ತಿರುಗಿಸಿ, ಮೇಲೆಸೆದು ಹಿಡಿಯಬೇಕು. ಕೂಗಿ ಆಜ್ಞೆ ಕೊಡುವವರು ಇರುವುದಿಲ್ಲ. ಹನ್ನೆರಡು ಜನ ಮನಸ್ಸಿನಲ್ಲೇ ಎಣಿಸಿಕೊಂಡು ಒಂದೇ ಮೈಯಂತೆ ಮಾಡಬೇಕು. ನನ್ನನ್ನು ಕರೆದದ್ದಕ್ಕೆ ಕಾರಣ, ಕಾಲೇಜಿನಲ್ಲಿ ನಾನೂ ಕೆಡೆಟ್ ಆಗಿದ್ದೆನೆಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡದ್ದು. ಒಂದು ಪರೇಡಿನಲ್ಲಿ ಇಡೀ ದಳ ಬಲಕ್ಕೆ ತಿರುಗಿದಾಗ ನಾನೊಬ್ಬನೇ ಎಡಕ್ಕೆ ತಿರುಗಿ, ಧ್ವಜಸ್ತಂಭದವರೆಗೂ ಎದೆಯುಬ್ಬಿಸಿ ನಡೆದುಹೋಗಿದ್ದೆ. ಆ ಭಾಗವನ್ನು ಸ್ಟಾಫ್ ರೂಮಿನಲ್ಲಿ ಹೇಳಿರಲಿಲ್ಲ.

ತೀರ್ಪುಗಾರರು ಇಬ್ಬರು. ಕಷ್ಟಕ್ಕೆ ಅಂಕ ಕೊಡುವವರು ನಿವೃತ್ತ ಹವಾಲ್ದಾರ್ ಸೆಲ್ವರಾಜ್. ಯಾವ ಎಸೆತ ಎಷ್ಟು ಅಪಾಯದ್ದು, ಯಾವ ತಿರುಗಣೆಗೆ ಎಷ್ಟು ತಿಂಗಳ ಅಭ್ಯಾಸ ಬೇಕು ಎನ್ನುವುದು ಅವರ ಮಣಿಕಟ್ಟಿಗೇ ಗೊತ್ತು. ನಿಖರತೆ ನನ್ನ ಪಾಲಿಗೆ ಬಂತು. ಗಣಿತದ ಮೇಷ್ಟ್ರಲ್ಲವೇ, ನಿಖರತೆ ಎಂದಮೇಲೆ ಇನ್ಯಾರಿಗೆ ಕೊಟ್ಟಾರು? ನನ್ನ ಹಾಳೆಯಲ್ಲಿ ಉದ್ದಕ್ಕೂ ಕಾಲಂಗಳು: ಸಾಲು, ಹೆಜ್ಜೆ, ಮೊಣಕೈ, ಬಂದೂಕಿನ ಓರೆ. ಬಂದೂಕು ಕೆಳಗೆ ಬಿದ್ದರೆ ಐದು ಅಂಕ ಕಳೆಯಬೇಕು. ಕಟ್ಟಕಡೆಗೆ ಹತ್ತು ಅಂಕದ ಒಂದು ಕಾಲಂ: ತಪ್ಪಾದ ಮೇಲೆ ಹೇಗೆ ಮುಂದುವರಿಸಿದರು? ಅಂದರೆ, ಬಿದ್ದದ್ದನ್ನು ಬಗ್ಗಿ ಎತ್ತಿಕೊಂಡು ಸಾಲು ಕೆಡಿಸಿದರೋ, ಅಥವಾ ಏನೂ ಆಗಿಲ್ಲವೆಂಬಂತೆ ಎಣಿಕೆ ಬಿಡದೆ ಸಾಗಿದರೋ ಎಂದು ನೋಡಬೇಕು. ಸೆಲ್ವರಾಜ್ ಆ ಕಾಲಂ ಮೇಲೆ ಬೆರಳಿಟ್ಟು, "ಸಾರ್, ಇದೊಂದು ಜೋಪಾನ. ಕೈಯಲ್ಲಿ ಇರೋದನ್ನ ತಿರುಗಿಸೋಕೆ ಯಾರಿಗ್ ಬೇಕಾದ್ರೂ ಕಲಿಸ್ಬೋದು. ಬಿದ್ಮೇಲೆ ನಿಲ್ಲೋದು ಕಲಿಸಕಾಗಲ್ಲ" ಎಂದರು. ನಾನು ತಲೆಯಾಡಿಸಿದೆ. ಆಮೇಲೆ ಹೆಜ್ಜೆಯ ಕಾಲಂಗೆ ಎರಡು ಪೆನ್ಸಿಲ್ ಕೆತ್ತಿಟ್ಟುಕೊಂಡೆ.

ಮೊದಲು ಬಂದ ಹುಡುಗರ ತಂಡ ಜಾಣರದ್ದು. ಕಷ್ಟದ ಗೋಜಿಗೇ ಹೋಗಲಿಲ್ಲ. ಹೆಗಲಿಗೆ, ಎದೆಗೆ, ನೆಲಕ್ಕೆ, ಅಷ್ಟೇ. ಆದರೆ ಸ್ಕೇಲಿಟ್ಟು ಗೆರೆ ಎಳೆದಂತೆ ಮಾಡಿದರು. ಆಮೇಲೆ ಬಂದದ್ದು ಬೇತಮಂಗಲ ಕಡೆಯ ಹುಡುಗಿಯರ ತಂಡ. ಅವರ ಆಟದಲ್ಲಿ ಎದುರುಬದುರು ಸಾಲಿನವರು ಬಂದೂಕನ್ನು ಗಾಳಿಯಲ್ಲಿ ಅದಲುಬದಲು ಮಾಡಿಕೊಳ್ಳುವ ಎಸೆತ ಇತ್ತು. ಸೆಲ್ವರಾಜ್ ಕುರ್ಚಿಯ ತುದಿಗೆ ಬಂದರು. ಅದೇ ಹೊತ್ತಿಗೆ, ಚಿನ್ನದ ಗಣಿಯ ಪುಡಿಮಣ್ಣು ರಾಶಿಬಿದ್ದ ಸೈನೈಡ್ ಗುಡ್ಡದ ಕಡೆಯಿಂದ ಗಾಳಿ ಎದ್ದು ಬಿಳಿ ದೂಳನ್ನು ಮೈದಾನಕ್ಕೆ ತಂದು ಸುರಿಯಿತು. ನಾನು ಹಾಳೆಯನ್ನು ಎರಡು ಕೈಯಿಂದ ಒತ್ತಿ ಹಿಡಿದು, ಹಿಂದಿನ ಸಾಲಿನ ಕೊನೆಯವಳ ಮೊಣಕೈಗೆ ಅರ್ಧ ಅಂಕ ಕಳೆಯುವುದೋ ಮುಕ್ಕಾಲು ಕಳೆಯುವುದೋ ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಮರ ನೆಲಕ್ಕೆ ಅಪ್ಪಳಿಸಿದ ಸದ್ದು ಬಂತು. ಜನ ಅಯ್ಯೋ ಎಂದರು. ನಾನು ತಲೆ ಎತ್ತಲಿಲ್ಲ.

ಯಾಕೆ ಎತ್ತಲಿಲ್ಲ ಎಂದು ಹೇಳಬೇಕಾದರೆ ನಾನು ಹುಟ್ಟಿ ಬೆಳೆದ ಮನೆಗೆ ಹೋಗಬೇಕು. ಉರಿಗಾಂನ ಕಾರ್ಮಿಕರ ಲೈನಿನಲ್ಲಿ ನಮ್ಮದು ಒಂದೂವರೆ ಕೋಣೆ. ಅಪ್ಪ ಗಣಿಯೊಳಗೆ ಕೆಲಸಕ್ಕೆ ಇಳಿಯುತ್ತಿದ್ದರು. ನೆಲದಡಿಯಲ್ಲಿ ಬಂಡೆ ಸಿಡಿಯುವುದಕ್ಕೆ ನಮ್ಮ ಕಡೆ ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಅದಾದರೆ ಮನೆಯ ತಟ್ಟೆ ಲೋಟಗಳು ತಾವಾಗಿ ಕುಣಿಯುತ್ತಿದ್ದವು. ಆಗ ಅಮ್ಮ, "ತಲೆ ಎತ್ತಬ್ಯಾಡ, ತಟ್ಟೆ ನೋಡ್ಕೊಂಡು ಉಣ್ಣು" ಎನ್ನುತ್ತಿದ್ದಳು. ತಲೆ ಎತ್ತಿದರೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ, ಕಂಡರೆ ಎಲ್ಲರೂ ಅಳುತ್ತೇವೆ ಎನ್ನುವುದು ಅವಳ ಭಯ. ಆ ಲೈನಿನ ಮಕ್ಕಳೆಲ್ಲ ಹಾಗೆಯೇ ಬೆಳೆದವರು. ಸದ್ದಾದರೆ ಬೇರೆಯವರು ತಿರುಗಿ ನೋಡುತ್ತಾರೆ, ನಾವು ಕೈಯಲ್ಲಿರುವ ಕೆಲಸವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇವೆ. ಗಣಿ ಮುಚ್ಚಿತು, ಅಪ್ಪ ಅಮ್ಮ ಹೋದರು, ಈ ಅಭ್ಯಾಸ ಮಾತ್ರ ನನ್ನ ಕತ್ತಿನಲ್ಲಿ ಉಳಿದುಕೊಂಡಿದೆ.

ಬಿದ್ದ ಬಂದೂಕಿಗೆ ಐದು ಕಳೆದೆ. ಅದನ್ನು ಅಚ್ಚುಕಟ್ಟಾಗಿ ಬರೆದು, ಮೊಣಕೈಗೆ ಮುಕ್ಕಾಲು ಎಂದು ತೀರ್ಮಾನಿಸಿ, ಕೂಡಿ ಕಳೆದು ತಲೆ ಎತ್ತುವಷ್ಟರಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು, ತಂಡ ಹೊರಗೆ ನಡೆಯುತ್ತಿತ್ತು. ಕೊನೆಯ ಕಾಲಂ ಖಾಲಿ ಇತ್ತು. ಬಂದೂಕು ಕೈಬಿಟ್ಟ ಮೇಲೆ ಯಾರು ತಾನೇ ನೆಟ್ಟಗೆ ಮಾಡಿಯಾರು, ನಾನಾಗಿದ್ದರೆ ಮೈದಾನವನ್ನೇ ಬಿಟ್ಟು ಓಡುತ್ತಿದ್ದೆ ಎಂದುಕೊಂಡು ಅಲ್ಲಿ ಎರಡು ಎಂದು ಬರೆದೆ. ಹತ್ತಕ್ಕೆ ಎರಡು. ನನ್ನ ಯೋಗ್ಯತೆಯ ಅಳತೆಗೋಲಿನಲ್ಲಿ ಇನ್ನೊಬ್ಬರನ್ನು ಅಳೆದದ್ದು ಅಲ್ಲಿ.

ಹಾಳೆ ಇನ್ನೂ ನನ್ನ ಕೈಯಲ್ಲಿದ್ದಾಗ ಒಬ್ಬಳು ಹುಡುಗಿ ಮೇಜಿನ ಮುಂದೆ ಬಂದು ನಿಂತಳು. ಹೆಸರು ಭವ್ಯ, ಬಂದೂಕು ಬಿದ್ದದ್ದು ಅವಳದ್ದೇ ಎಂದು ಅವಳೇ ಹೇಳಿದಳು. ಮುಖದ ತುಂಬ ದೂಳು, ಅದರಲ್ಲಿ ಬೆವರಿನ ಗೆರೆ. "ಸಾರ್, ಬಿದ್ದಿದ್ಕೆ ಕಟ್ ಮಾಡಿರ್ತೀರ, ಅದು ಸರಿನೇ. ಆಮ್ಯಾಕೆ ನಾನು ಮಾಡಿದ್ದು ನೋಡಿದ್ರಾ ಸಾರ್?" ಎಂದಳು. ಬಾಯಿ ತೆರೆದರೆ ಬರಬೇಕಾದ್ದು "ಇಲ್ಲಮ್ಮ" ಎನ್ನುವ ಒಂದು ಮಾತು. ಪಕ್ಕದಲ್ಲಿ ಸೆಲ್ವರಾಜ್ ಕೂತಿದ್ದರು, ಎದೆಯ ಮೇಲೆ ನನಗೆ ತೀರ್ಪುಗಾರನ ಬಿಲ್ಲೆ ಇತ್ತು. "ನೋಡ್ದೆ ಕಣಮ್ಮ" ಎಂದೆ. "ಎಂಗಿತ್ತು ಸಾರ್?" "ಚೆನ್ನಾಗಿತ್ತು." ಅವಳು ಒಂದು ಗಳಿಗೆ ನನ್ನನ್ನೇ ನೋಡಿ, ಸರಿ ಸಾರ್ ಎಂದು ಹೋದಳು. ನಾನು ಹಾಳೆಗೆ ಸಹಿ ಹಾಕಿ ಕೊಟ್ಟೆ. ಹುಡುಗರ ತಂಡ ನಾಲ್ಕು ಅಂಕದಿಂದ ಗೆದ್ದಿತು. ಗೆದ್ದ ತಂಡಕ್ಕೆ ಬೆಂಗಳೂರಿನ ಶಿಬಿರ. ಭವ್ಯಳದ್ದು ಕೊನೆಯ ವರ್ಷ, ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕುವವಳು, ಆ ಶಿಬಿರದ ಸರ್ಟಿಫಿಕೇಟನ್ನು ನಂಬಿಕೊಂಡಿದ್ದಳು ಎನ್ನುವುದೆಲ್ಲ ನನಗೆ ಆಮೇಲೆ ತಿಳಿಯಿತು.

ತಿಳಿದದ್ದು ಸರೋಜಳಿಂದ. ಬೇತಮಂಗಲ ಅವಳ ತವರು. ಅಲ್ಲಿನವರ ವಾಟ್ಸಾಪಿನಲ್ಲಿ ಯಾರೋ ಆ ದಿನದ ವಿಡಿಯೋ ಹಾಕಿದ್ದರು. ವಾರ ಕಳೆದ ಮೇಲೆ ಒಂದು ಸಂಜೆ ಅವಳು ಹುರುಳಿಕಾಯಿ ಬಿಡಿಸುವುದನ್ನು ಬಿಟ್ಟು ಫೋನ್ ತಂದು ನನ್ನ ಮುಂದೆ ಹಿಡಿದಳು. ಬಂದೂಕು ಗಾಳಿಯಲ್ಲಿ ಬಂತು, ಭವ್ಯಳ ಬೆರಳಿಗೆ ತಾಗಿ ಕೆಳಗೆ ಬಿತ್ತು. ಅವಳ ಕಣ್ಣುಗಳು ಅದನ್ನು ಹಿಂಬಾಲಿಸಲಿಲ್ಲ. ಮುಂದಿನ ಎಣಿಕೆಗೆ ಹನ್ನೊಂದು ಬಂದೂಕುಗಳು ಹೆಗಲಿಗೇರಿದಾಗ ಅವಳ ಖಾಲಿ ಕೈಗಳೂ ಏರಿದವು. ಹನ್ನೊಂದು ತಿರುಗಿದಾಗ ಅವಳ ಬೆರಳುಗಳು ಇಲ್ಲದ್ದನ್ನು ತಿರುಗಿಸಿದವು. ಎಲ್ಲರೂ ತಮ್ಮ ತಮ್ಮದನ್ನು ಮೇಲೆಸೆದಾಗ ಎಸೆದಳು, ಹಿಡಿಯುವಾಗ ಹಿಡಿದಳು. ಹಿಡಿದಾಗ ಮೊಣಕೈ ಆ ತೂಕಕ್ಕೆ ಎಷ್ಟು ಬಾಗಬೇಕೋ ಅಷ್ಟೇ ಬಾಗಿತು. ಕೊನೆಯವರೆಗೂ ಹಾಗೇ. ನೋಡುತ್ತ ನೋಡುತ್ತ ಅವಳ ಕೈಯಲ್ಲಿ ಬಂದೂಕು ಇದೆ ಎಂದೇ ನನಗೆ ಅನ್ನಿಸತೊಡಗಿತು.

"ನೋಡ್ರಿ, ಕೈಯಲ್ಲಿ ಏನೂ ಇಲ್ದೆ ಎಂಗ್ ಮಾಡವ್ಳೆ ಉಡುಗಿ" ಎಂದಳು ಸರೋಜ. "ಎಷ್ಟು ಕೊಟ್ರಿ ಇದ್ಕೆ?"

"ಎರಡು."

"ಎರಡಕ್ಕಾ?"

"ಹತ್ತಕ್ಕೆ."

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಒಂದಿಷ್ಟು ವಾದ ಮಾಡಿ ಹಗುರಾಗುತ್ತಿದ್ದೆ. ಫೋನ್ ತೆಗೆದುಕೊಂಡು ಹೋಗಿ ಹುರುಳಿಕಾಯಿ ಮುಂದೆ ಕೂತಳು. ನಾನು ಸ್ಪರ್ಧೆ ನಡೆಸಿದವರಿಗೆ ಫೋನ್ ಮಾಡಿದೆ. ಪಟ್ಟಿ ಮೇಲಕ್ಕೆ ಹೋಗಿಯಾಯಿತು ಸಾರ್, ಈಗ ತೆಗೆದರೆ ಎಲ್ಲರಿಗೂ ಕೆಟ್ಟ ಹೆಸರು ಎಂದರು ಅವರು. ಆ ಮಾತು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು. ರಾತ್ರಿ ಊಟ ಬಡಿಸುವಾಗ ಸರೋಜ, "ಅಂಕ ಬದಲಾಯ್ಸಕ್ಕಾಗ್ದಿದ್ರೆ ಬ್ಯಾಡ. ಓಗಿ ಆ ಉಡುಗಿ ತಾವ ನಿಜ ಏಳ್ಬಿಟ್ಟು ಬನ್ನಿ" ಎಂದಳು. ಅದಾದ ಮೇಲೂ ನಾನು ಎರಡು ಭಾನುವಾರ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದೆ.

ಮೂರನೆಯ ಭಾನುವಾರ ಬೇತಮಂಗಲದ ಬಸ್ಸು ಹತ್ತಿದೆ. ಕೆರೆ ದಾಟಿ ಸ್ವಲ್ಪ ದೂರ ನಡೆದರೆ ಅವಳ ಊರು. ಅವಳೂ ಅವಳ ತಾಯಿಯೂ ಯಾರದೋ ತೋಟದಲ್ಲಿ ಕೂಲಿಗೆ ಟೊಮೇಟೊ ಆರಿಸಿ ಕ್ರೇಟಿಗೆ ತುಂಬುತ್ತಿದ್ದರು. ತುಂಬಿದ ಕ್ರೇಟುಗಳನ್ನು ಭವ್ಯ ಒಂದರ ಮೇಲೊಂದು ಜೋಡಿಸುತ್ತಿದ್ದಳು. ಸಾಲು ನೂಲು ಹಿಡಿದಂತಿತ್ತು. ತಾಯಿ ನನ್ನನ್ನು ನೋಡಿ, ಯಾರೆಂದು ತಿಳಿಯದೆ ತೆಲುಗಿನಲ್ಲಿ, "ಎವುರೇ ಆಯನ?" ಎಂದು ಕೇಳಿದರು. ಭವ್ಯ ತಿರುಗಿ ನೋಡಿ, "ಅದೇ ಅಮ್ಮ, ಎರಡು ಮಾರ್ಕಿನ ಸಾರು" ಎಂದಳು. ಹೇಳಿದ್ದರಲ್ಲಿ ಕೊಂಕಿರಲಿಲ್ಲ, ಸರೋಜಳ ತವರಿನವರ ಬಾಯಿಂದ ಬಾಯಿಗೆ ಹರಡಿ ಆ ಹಳ್ಳಿಯಲ್ಲಿ ಅಷ್ಟರಲ್ಲಾಗಲೇ ಅದು ನನ್ನ ಹೆಸರಾಗಿತ್ತು. ಖಾಲಿ ಕ್ರೇಟೊಂದನ್ನು ಬೋರಲು ಹಾಕಿ ಕೂರಿಸಿ, ಕುಡಿಯಲು ನೀರು ಕೊಟ್ಟಳು.

ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಬಂದ ದೊಡ್ಡ ಮಾತುಗಳೆಲ್ಲ ನೀರಿನ ಜೊತೆ ಒಳಗೆ ಹೋದವು. "ಅವತ್ತು ನೀನು ಮಾಡಿದ್ದನ್ನ ನಾನು ನೋಡಿರಲಿಲ್ಲಮ್ಮ. ನೋಡಿದೆ ಅಂತ ಸುಳ್ಳು ಹೇಳಿದೆ" ಎಂದೆ.

"ಗೊತ್ತು ಸಾರ್" ಎಂದಳು.

"ಹೇಗೆ ಗೊತ್ತು?"

"ಡ್ರಿಲ್‌ನಲ್ಲಿ ಕಣ್ಣು ಒಂದೇ ಕಡೆ ನೆಟ್ಟಿರ್ಬೇಕಲ್ಲ ಸಾರ್. ನನ್ನ ನೇರಕ್ಕೆ ಇದ್ದಿದ್ದು ನಿಮ್ಮ ಬೋಳು ತಲೆ. ಬಿಸಿಲಿಗೆ ಚೆಂದಾಗಿ ಒಳೀತಿತ್ತು. ಬಂದೂಕ ಬಿದ್ದಾಗಿಂದ ಕೊನೇವರ್ಗೂ ಅದ್ನೇ ನೋಡ್ಕೊಂಡು ಮಾಡ್ದೆ. ಒಂದ್ ಚೂರೂ ಅಲ್ಲಾಡ್ಲಿಲ್ಲ ಸಾರ್ ಅದು."

ಅವಳ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದರು. ನಾನೂ ನಕ್ಕೆ. ನಗು ಮುಗಿದ ಮೇಲೆ ಕೇಳದೆ ಇರಲಾಗಲಿಲ್ಲ. "ಗೊತ್ತಿದ್ದೂ ಅವತ್ತು ಮೇಜಿನ ಹತ್ತಿರ ಬಂದು ಯಾಕಮ್ಮ ಕೇಳಿದೆ?"

ಭವ್ಯ ಕೈಯಲ್ಲಿದ್ದ ಟೊಮೇಟೊವನ್ನು ಒರೆಸಿ ಕ್ರೇಟಿಗೆ ಹಾಕಿದಳು. "ನೋಡ್ಲಿಲ್ಲ ಕಣಮ್ಮ ಅಂತೀರೇನೋ ಅನ್ಕೊಂಡಿದ್ದೆ ಸಾರ್. ಅಂದಿದ್ರೆ ಅಲ್ಲೇ ನಿಂತು ಇನ್ನೊಂದ್ ಸಲ ಮಾಡಿ ತೋರಿಸ್ತಿದ್ದೆ. ಪೇಪರು ಇನ್ನೂ ನಿಮ್ಮ ಕೈಯಲ್ಲೇ ಇತ್ತಲ್ಲ."

ಹೌದು, ಹಾಳೆ ನನ್ನ ಕೈಯಲ್ಲೇ ಇತ್ತು. ಪೆನ್ಸಿಲೂ ಇತ್ತು, ಒಂದಲ್ಲ ಎರಡು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಅದಕ್ಕೆ ನಾನು ಅಂಕ ಕಳೆಯುವುದಿಲ್ಲ ಎಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದ ಮೇಷ್ಟ್ರು ನಾನು. ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಎದ್ದು, ತುಂಬಿದ ಕ್ರೇಟುಗಳನ್ನು ಎತ್ತಿ ಅವಳ ಸಾಲಿನ ಪಕ್ಕದಲ್ಲಿ ಜೋಡಿಸತೊಡಗಿದೆ. ಬೇಡ ಸಾರ್, ಸೊಂಟ ಇಡ್ಕೊಳ್ತದೆ ಎಂದಳು, ನಾನು ಕೇಳಲಿಲ್ಲ. ನಾಲ್ಕು ಕ್ರೇಟು ಏರುವಷ್ಟರಲ್ಲಿ ನನ್ನ ಸಾಲು ಸೊಟ್ಟಗೆ ವಾಲಿತು. ಭವ್ಯ ಅದನ್ನು ನೋಡಿದಳು. ನೋಡಿ, ನೋಡದವಳ ಹಾಗೆ ತಲೆ ಬಗ್ಗಿಸಿಕೊಂಡು ಟೊಮೇಟೊ ಆರಿಸತೊಡಗಿದಳು.